ಭಾವನ ಬೌಲರೂ ಐದು ವರ್ಷದ ಕರಾರೂ

ಕೆಟ್ಟ ಭುಜವೊಂದನ್ನು ಐದು ವರ್ಷಕ್ಕೆ ಕರಾರು ಬರೆದು ಇಟ್ಟುಕೊಂಡವರನ್ನು ನೀವೆಲ್ಲಾದರೂ ನೋಡಿದ್ದೀರಾ? ಇಲ್ಲವಾದರೆ ದೋಹಾಕ್ಕೆ ಬನ್ನಿ, ನಮ್ಮ ಭಾವನನ್ನು ತೋರಿಸುತ್ತೇನೆ. ಅಕ್ಕನ ಗಂಡನಲ್ಲವೇ ಎಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ, ಇನ್ನು ಆಗುವುದಿಲ್ಲ!

ಭಾವ ಇಲ್ಲಿ ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದಾರೆ. ವಾರವೆಲ್ಲ ಕಾಗದಪತ್ರ, ಶುಕ್ರವಾರ ಬೆಳಿಗ್ಗೆ ಕ್ರಿಕೆಟ್. ದೋಹಾದ ಅಂಚಿನ ಮುಐದರ್‌ನ ಖಾಲಿ ಜಾಗದಲ್ಲಿ ಆಡುವ ನಮ್ಮ ಊರಿನವರ ತಂಡಕ್ಕೆ ಅವರೇ ಮಾಲೀಕರು, ಅವರೇ ಮ್ಯಾನೇಜರು. ಬ್ಯಾಟು ಹಿಡಿಯಲು ಮಾತ್ರ ಬರುವುದಿಲ್ಲ. ಈ ತಂಡಕ್ಕೆ ನಜ್ಮಾ ಬಡಾವಣೆಯ ರೂಮೊಂದರಿಂದ ಒಬ್ಬ ಬೌಲರ್ ಬಂದ. ಉಳ್ಳಾಲದ ಕಡೆಯವ, ಎಸಿ ರಿಪೇರಿ ಕೆಲಸ. ಅವನು ಎಸೆದ ಚೆಂಡು ಕಣ್ಣಿಗೇ ಕಾಣುತ್ತಿರಲಿಲ್ಲ! ಬೇರೆ ತಂಡದವರು ಹಾರಿಸಿಕೊಂಡು ಹೋದಾರೆಂದು ಭಾವನಿಗೆ ಚಡಪಡಿಕೆ ಹತ್ತಿತು.

"ಐದು ವರ್ಷಕ್ಕೆ ಸೈನ್ ಹಾಕಿಸ್ತೇನೆ," ಎಂದರು.

"ಭಾವ, ಅವನ ಭುಜ ಮೊದಲೇ ಎರಡು ಸಲ ಜಾರಿದೆಯಂತೆ. ಒಂದೊಂದೇ ಸೀಸನ್ ನೋಡುವ."

"ನಿನಗೆ ಎಂತ ಗೊತ್ತುಂಟು ಮಾರಾಯ? ಸುಮ್ನೆ ಕೂತ್ಕೋ."

ಕರಾರು ಬರೆಯುವುದು ಎಚ್‌ಆರ್ ಮನುಷ್ಯನಿಗೆ ಒಂದು ಕಷ್ಟವೇ? ಆಫೀಸಿನ ನೌಕರಿ ಕರಾರನ್ನೇ ತೆಗೆದು, ಹುದ್ದೆ ಎಂಬಲ್ಲಿ 'ಫಾಸ್ಟ್ ಬೌಲರ್' ಎಂದು ಹಾಕಿ ಪ್ರಿಂಟ್ ತೆಗೆದರು. ಸಂಬಳದ ಸಾಲನ್ನು ನೆನಪಿಟ್ಟು ಅಳಿಸಿದ್ದರು, ಪುಣ್ಯ! ಉಳಿದದ್ದೆಲ್ಲ ಹಾಗೇ ಇತ್ತು. ಮೂರು ತಿಂಗಳ ಪ್ರೊಬೇಷನ್, ಸಿಕ್ ಲೀವ್, ವಾರ್ಷಿಕ ರಜೆ, ಜೊತೆಗೆ 'ಊಟದ ವ್ಯವಸ್ಥೆ ಕಂಪನಿಯದು'. ಕಂಪನಿ ಎಂದರೆ ಯಾರು? ನಮ್ಮ ಅಕ್ಕ!

ಪ್ರೊಬೇಷನ್ ಮುಗಿದ ಮರುವಾರವೇ ಭುಜ ಜಾರಿತು. ಬೌಲರ್ ಬಹಳ ಪ್ರಾಮಾಣಿಕ. ಪ್ರತಿ ಶುಕ್ರವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಡಾಕ್ಟರ ಚೀಟಿ ಹಿಡಿದು ಮನೆಗೆ ಹಾಜರು. ಭಾವ ಅದನ್ನು ಫೈಲಿಗೆ ಸೇರಿಸುವರು. ಆಮೇಲೆ ಕೋಳಿ ಸಾರು, ನೀರುದೋಸೆ. ರಜೆ ಇದ್ದದ್ದು ಭುಜಕ್ಕೆ ಮಾತ್ರ, ಹನ್ನೆರಡು ದೋಸೆ ಸಲೀಸಾಗಿ ಇಳಿಯುತ್ತಿತ್ತು.

ಏಳು ತಿಂಗಳ ಮೇಲೆ ಅಂತೂ ಗುಣವಾಯಿತು. ಮೊದಲ ಚೆಂಡಿಗೇ ವಿಕೆಟ್! ಖುಷಿಯಲ್ಲಿ ಕೈ ಮೇಲೆತ್ತಿದ ನೋಡಿ, ಭುಜ ಮತ್ತೆ ಜಾರಿತು. ಹುಡುಗರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರು.

"ಇವನನ್ನು ತೆಗೀರಿ, ಬೇರೆಯವರನ್ನು ತರುವ," ಎಂದು ಇಡೀ ತಂಡ ಗಲಾಟೆ ಮಾಡಿತು.

"ಸಿಕ್ ಲೀವಲ್ಲಿ ಇರುವವನನ್ನು ತೆಗೀಲಿಕ್ಕೆ ಆಗುದಿಲ್ಲ. ರೂಲ್ ಉಂಟು," ಎಂದರು ಭಾವ. ಈ ಮನುಷ್ಯನಿಗೆ ಏನು ಹೇಳುವುದು?

ಕಳೆದ ಶುಕ್ರವಾರ ಬೌಲರ್ ಚೀಟಿಯ ಬದಲು ಕರಾರನ್ನೇ ಹಿಡಿದು ಬಂದ. ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತ.

"ಅಣ್ಣಾ, ಖಲಾಸ್. ಇನ್ನು ಯಾವತ್ತೂ ಬೌಲಿಂಗ್ ಮಾಡ್ಬಾರ್ದು ಅಂದಿದ್ದಾರೆ ಡಾಕ್ಟರ್. ನನ್ನನ್ನು ಬಿಟ್ಬಿಡಿ." ಅಡುಗೆಮನೆಯ ಕಡೆ ನೋಡಿ, "ಇಲ್ಲಿಗೆ ಬಂದ ದಿನ ಊರಿಗೆ ಹೋದ ಹಾಗೆ ಆಗ್ತಿತ್ತು," ಎಂದ.

ನಾನೋ, ಅಕ್ಕನಿಗೆ ಬಿಡುಗಡೆಯಾಯಿತೆಂದು ಹಿಗ್ಗಿದೆ. "ಇನ್ನೇನು ಭಾವ, ಒಂದು ಟರ್ಮಿನೇಷನ್ ಲೆಟರ್ ಟೈಪ್ ಮಾಡಿ ಮುಗಿಸಿ," ಎಂದೆ.

ಭಾವ ಕನ್ನಡಕ ತೆಗೆದರು.

"ವಾರವಿಡೀ ನಾನು ಅದನ್ನೇ ಟೈಪ್ ಮಾಡುದು ಮಾರಾಯ. ಸೊಂಟ ಹಿಡಿದವನಿಗೆ, ವಯಸ್ಸಾದವನಿಗೆ. ಕೆಲವರು ನನ್ನ ಮೇಜಿನ ಎದುರೇ ಅಳ್ತಾರೆ. ನಾನು ಕಂಪ್ಯೂಟರ್ ನೋಡ್ತಾ ಕೂತ್ಕೊಳ್ತೇನೆ. ಶುಕ್ರವಾರ ಒಂದು ದಿನ ಆದ್ರೂ ನನ್ನ ಕೈಯಲ್ಲಿ ಅದನ್ನು ಮಾಡಿಸ್ಬೇಡ."

ಇಷ್ಟು ದಿನ ಮನಸ್ಸಿನಲ್ಲೇ ಇವರನ್ನು ಗೇಲಿ ಮಾಡಿಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಭಾವ ಆ ಕಾಗದವನ್ನು ಮಡಚಿ ಬೌಲರನ ಜೇಬಿಗೇ ವಾಪಸು ತುರುಕಿದರು.

"ಬರುವ ವಾರ ಆರು ಗಂಟೆಗೆ ಗ್ರೌಂಡಿಗೆ ಬಾ. ತಡ ಮಾಡಿದ್ರೆ ವಾರ್ನಿಂಗ್ ಲೆಟರ್ ಕೊಡ್ತೇನೆ, ಗೊತ್ತಾಯ್ತಾ?"