ಮಿಲ್ಲಿನ ಸಾವ್ಕಾರನ ಮನೆಯ ಒನಕೆ

ಕಂಪ್ಲಿಯಲ್ಲಿ ಅಕ್ಕಿ ಮಿಲ್ಲು ಹಾಕಿದಾಗ ಊರಿಗೆ ದೊಡ್ಡ ಉಪಕಾರ ಮಾಡಿದೆನೆಂದೇ ನಾನು ನಂಬಿದ್ದೆ. ಹೆಂಗಸರ ಕೈಯಿಂದ ಒನಕೆ ಬಿಡಿಸಿದೆ, ಅನ್ನಕ್ಕೆ ಮಲ್ಲಿಗೆಯ ಬಣ್ಣ ಕೊಟ್ಟೆ. ಗಿರಾಕಿಗಳು ಬಂದರೆ ಬಿಳಿ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು, "ನಮ್ಮ ಮನ್ಯಾಗೂ ಇದ ಅಕ್ಕಿ ಉಣ್ಣೋದು. ನೋಡ್ರಿ, ನಾನು ಹೆಂಗದೀನಿ!" ಎಂದು ಎದೆ ತಟ್ಟಿಕೊಳ್ಳುತ್ತಿದ್ದೆ.

ನಾನು ಹೇಗಿದ್ದೆನೆಂದರೆ, ಕಾಲು ಜೋಮು ಹಿಡಿದು ಚಪ್ಪಲಿ ಕಳಚಿದರೂ ತಿಳಿಯುತ್ತಿರಲಿಲ್ಲ. ಒಮ್ಮೆ ಒಂದೇ ಚಪ್ಪಲಿಯಲ್ಲಿ ಮಠದವರೆಗೂ ನಡೆದುಹೋಗಿದ್ದೆ. ಜನ ನಕ್ಕರು. ನನಗೆ ನಗು ಬರಲಿಲ್ಲ. ಹೀಗೇ ಆದರೆ ಹಾಸಿಗೆ ಹಿಡಿಯುತ್ತೇನೆಂದು ನಿಜವಾಗಿಯೂ ಹೆದರಿದ್ದೆ.

ಹೊಸಪೇಟೆಯ ಡಾಕ್ಟರು ಮದ್ರಾಸಿನಲ್ಲಿ ಓದಿ ಬಂದವರು. ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು. ಕಾಲು ಅಲುಗಲಿಲ್ಲ.

"ಮಿಲ್ಲಿನ ಅಕ್ಕಿ ಬಿಡ್ರಿ. ಸತ್ವ ಇರೋದು ತೌಡಿನಾಗ, ಅದನ್ನ ಮಿಲ್ಲಿನವ್ರು ಉಜ್ಜಿ ತೆಗೀತಾರ. ಮನ್ಯಾಗ ಕುಟ್ಟಿದ ಅಕ್ಕಿ ಉಣ್ರಿ, ಬಸಿದ ಗಂಜಿ ಚೆಲ್ಲಬ್ಯಾಡ್ರಿ. ಬ್ಯಾಳಿ, ಸೊಪ್ಪು ತಿನ್ರಿ. ನಿಮ್ಮವ್ವ ಮಾಡ್ತಿದ್ದ ಅಡಿಗೀನ ಔಷಧ. ಅಂದಂಗ, ಏನ್ ಕೆಲಸ ಮಾಡ್ತೀರಿ?"

"ವ್ಯಾಪಾರ್ರಿ."

ಯಾವ ವ್ಯಾಪಾರವೆಂದು ಅವರು ಕೇಳಲಿಲ್ಲ. ದೇವರು ದೊಡ್ಡವನು!

ಮನೆಗೆ ಬಂದು ಹೆಂಡತಿ ಗೌರಮ್ಮನಿಗೆ ಹೇಳಿದೆ. ಅವಳು ಹಿತ್ತಲ ಕಡೆ ನೋಡಿದಳು. "ಇಷ್ಟು ದಿನ ತೌಡೆಲ್ಲ ಎಮ್ಮಿಗೆ ಹಾಕಿದ್ವಿ. ಅದರ ಕಾಲು ನೋಡ್ರಿ, ಹೆಂಗ ಕಂಬ ಇದ್ದಂಗ ಅದಾವ!"

ಕುಟ್ಟುವುದು ಸರಿ, ಆದರೆ ಸಪ್ಪಳ? ನಮ್ಮ ಮನೆ ಮಿಲ್ಲಿನ ಬೆನ್ನಿಗೇ ಇದೆ. ಸಾವ್ಕಾರನೇ ತನ್ನ ಮಿಲ್ಲಿನ ಅಕ್ಕಿ ಉಣ್ಣುವುದಿಲ್ಲವೆಂದು ಗೊತ್ತಾದರೆ ಭತ್ತದ ಗಾಡಿಗಳು ಬಂದ ದಾರಿಯಲ್ಲೇ ಹಿಂತಿರುಗುತ್ತವೆ. ದೀರ್ಘವಾಗಿ ಆಲೋಚಿಸಿ ಒಂದು ಉಪಾಯ ಕಂಡುಹಿಡಿದೆ: ಮಿಲ್ಲಿನ ಎಂಜಿನ್ ಓಡುವಾಗ ಮಾತ್ರ ಕುಟ್ಟತಕ್ಕದ್ದು! ಆ ಗದ್ದಲದಲ್ಲಿ ಒನಕೆಯ ಸದ್ದು ಯಾರಿಗೂ ಕೇಳಿಸದು. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಕೆಲವು ದಿನ ಸುಗಮವಾಗಿ ನಡೆಯಿತು. ಕಾಲಿಗೆ ಸ್ವಲ್ಪ ಸ್ವಲ್ಪ ಸ್ಪರ್ಶ ಬರತೊಡಗಿತು. ಆಮೇಲೆ ಗೌರಮ್ಮನ ಭುಜಕ್ಕೆ ನೋವು ಬಂತು. "ಉಣ್ಣೋರು ನೀವು, ಕುಟ್ಟೋರು ನೀವ ಆಗ್ರಿ," ಎಂದು ಒನಕೆ ನನ್ನ ಕೈಗೆ ಕೊಟ್ಟಳು. ಪಂಚೆ ಎತ್ತಿ ಕಟ್ಟಿ ಶುರು ಮಾಡಿದೆ. ತಾಳ ಸಿಕ್ಕಿತು. ಹುರುಪೂ ಬಂತು.

ಆಗ ಎಂಜಿನ್ನಿನ ಬೆಲ್ಟು ಹರಿಯಿತು. ಮಿಲ್ಲು ಗಪ್ಪನೆ ನಿಂತಿತು. ಒನಕೆ ನಿಲ್ಲಲಿಲ್ಲ!

ಧಮ್! ಧಮ್! ಧಮ್!

ತಲೆಯೆತ್ತಿದಾಗ ಹಿತ್ತಲ ಬಾಗಿಲಲ್ಲಿ ಮೆಟ್ರಿ ಹಳ್ಳಿಯ ರೈತರು ನಿಂತಿದ್ದರು. ಮಿಲ್ಲಿನ ಅಂಗಳದಲ್ಲಿ ಸರದಿ ಕಾಯುತ್ತಿದ್ದವರು. ಅವರ ಮುಂದೆ ಒಬ್ಬ ಮುದುಕಿ.

"ಏನ್ ಕುಟ್ಟಾಕತ್ತೀರಿ, ಸಾವ್ಕಾರ್ರ?"

"ಖಾರ, ಯವ್ವಾ!"

"ಖಾರ ಕುಟ್ಟಿದ್ರ ಸೀನು ಬರಬೇಕಲ್ಲಪ್ಪಾ?"

ಸೀನಿದೆ. ಪ್ರಾಮಾಣಿಕವಾಗಿ, ಒರಳಿನ ಮೇಲೇ ಬಗ್ಗಿ, ಮಾನ ಉಳಿಸಿಕೊಳ್ಳುವ ಜೋರಿನಲ್ಲಿ ಸೀನಿದೆ! ಒರಳಿನ ಹೊಟ್ಟು, ತೌಡು ಒಟ್ಟಿಗೆ ಎದ್ದು ಮೀಸೆಗೆ ಮೆತ್ತಿತು. ಹಣೆಯ ವಿಭೂತಿ ಮುಚ್ಚಿಹೋಯಿತು.

ಮುದುಕಿ ಒರಳಿನೊಳಗೆ ಕೈಹಾಕಿ ನಾಲ್ಕು ಕೆಂಪು ಕಾಳು ತೆಗೆದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ನಮ್ಮ ಮಕ್ಕಳಿಗೆ ಬಿಳೇದು, ನಿನಗ ಕೆಂಪನೇದೇನಪ್ಪಾ?"

ತೌಡು ಮೆತ್ತಿದ ಮುಖದಲ್ಲಿ ನಾಚಿಕೆ ಕಾಣಿಸಲಿಲ್ಲ, ಅಷ್ಟೆ. ಗಾಡಿಗಳು ತಿರುಗಿದವು. ವಾರದೊಳಗೆ ಮೆಟ್ರಿಯ ಮನೆಮನೆಯಲ್ಲೂ ಒನಕೆಯ ಸದ್ದು!

ಈಗ ನನ್ನ ಕಾಲು ಪೂರ್ತಿ ವಾಸಿಯಾಗಿದೆ. ದಿನಾ ಮೆಟ್ರಿಗೆ ನಡೆದೇ ಹೋಗುತ್ತೇನೆ. ಮನೆಮನೆಯ ಮುಂದೆ ನಿಂತು, "ಒಂದೀಟು ಭತ್ತ ಮಿಲ್ಲಿಗೆ ಕಳಿಸ್ರವ್ವಾ, ತೌಡು ಉಳಿಸಿ ಕೊಡ್ತೀನಿ," ಎಂದು ಕೇಳುತ್ತೇನೆ. ಒಳಗಿನಿಂದ ಒನಕೆಯ ಸದ್ದು ಮಾತ್ರ ಕೇಳುತ್ತದೆ.

ನಮ್ಮ ಎಮ್ಮೆ ಬಡವಾಗಿದೆ.