ರಿಫಂಡ್ ಬರ್ಲಿ, ಆಮ್ಯಾಲೆ ನೋಡೂಣ್ರಿ

ನನ್ನದು ನಗು ಬರುವಂಥ ಕೆಲಸವೇ ಅಲ್ಲ. ಆದರೂ ಮಾರ್ಚ್ ಬಂತೆಂದರೆ ಏನಾದರೊಂದು ಆಗಿಯೇ ತೀರುತ್ತದೆ. ಆಸ್ಟಿನ್‌ನಲ್ಲಿ ಹುಬ್ಬಳ್ಳಿಯ ಯಜಮಾನರೊಬ್ಬರ ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ನಾನು ಲೆಕ್ಕ ನೋಡುವವಳು. ನೆಟ್‌ವರ್ಕಿಗೆ ಸಾಮಾನು ಕೊಂಡಾಗ ಕಟ್ಟಿದ ಸೇಲ್ಸ್ ಟ್ಯಾಕ್ಸಿನಲ್ಲಿ ಒಂದಿಷ್ಟನ್ನು ಟೆಕ್ಸಾಸ್ ಸರ್ಕಾರ ವಾಪಸ್ ಕೊಡುತ್ತದೆ, ಮಾರ್ಚ್ ಮುಗಿಯುವುದರೊಳಗೆ ಅರ್ಜಿ ಹಾಕಿದರೆ. ವರ್ಷದ ಬಿಲ್ಲನ್ನೆಲ್ಲ ಕೆದಕಿ ಅರ್ಜಿ ಬರೆಯುವವಳು ನಾನೊಬ್ಬಳೇ. ಏಳು ವರ್ಷದಿಂದ ಒಬ್ಬ ಅಸಿಸ್ಟೆಂಟ್ ಕೊಡಿ ಅಂತ ಗೋಗರೆಯುತ್ತಿದ್ದೇನೆ. ಯಜಮಾನರದ್ದು ಒಂದೇ ಮಾತು: "ರಿಫಂಡ್ ಬರ್ಲಿ, ಆಮ್ಯಾಲೆ ನೋಡೂಣ್ರಿ."

ಏಣಿ

ಹ್ಯೂಸ್ಟನ್ ಹತ್ತಿರ ಸೈಪ್ರೆಸ್ ಕಡೆ ಕೇಬಲ್ ಎಳೆಯುವ ನಮ್ಮ ಟೆಕ್ನಿಷಿಯನ್ ರಾಯಚೂರಿನವರು. ಅವರು ಕಳಿಸಿದ ಬಿಲ್ಲುಗಳಲ್ಲಿ ಏಣಿಯದ್ದೂ ಇತ್ತು. ಸೇವೆ ಕೊಡೋದಕ್ಕೆ ನೇರವಾಗಿ ಬಳಸೋ ಸಾಮಾನಿಗೆ ಮಾತ್ರ ರಿಫಂಡು, ಏಣಿ ಸೇರಲ್ಲ ಅಂತ ಫೋನಿನಲ್ಲಿ ಅಂದೆ.

"ಅಕ್ಕಾರ, ಏಣಿ ಇಲ್ದ ಕೇಬಲ್ ಹೆಂಗ ಮ್ಯಾಲ ಹೊಕ್ಕೈತ್ರಿ?"

"ನಾನಿಲ್ದೆ ಈ ಅರ್ಜೀನೂ ಹೋಗಲ್ಲ ಕಣಪ್ಪ. ನನ್ನನ್ನ ಯಾರಾದ್ರೂ ಲೆಕ್ಕಕ್ಕೆ ತಗೊಂಡಿದಾರಾ?"

"ಹಂಗಾರ ನೀವೂ ಏಣೀನೇ ಬಿಡ್ರಿ," ಅಂದರು.

ಒಬ್ಬಟ್ಟು

ಈ ರಿಫಂಡಿಗೆ ಸರ್ಕಾರ ಇಟ್ಟಿರುವುದು ಇಷ್ಟೇ ಅಂತ ಒಂದು ಗಂಟು. ಕೇಳುವವರು ಹೆಚ್ಚಾದರೆ ಎಲ್ಲರ ಪಾಲೂ ತೆಳ್ಳಗಾಗುತ್ತದೆ. ಒಂದು ವರ್ಷ ಡಲ್ಲಾಸ್‌ನಲ್ಲಿ ಯುಗಾದಿ ಊಟಕ್ಕೆ ಹೋದಾಗ ಯಜಮಾನರು ಕಿವಿಯಲ್ಲಿ ಪಿಸುಗುಟ್ಟಿದರು: "ಅಲ್ಲೊಬ್ರು ಇಂಟರ್ನೆಟ್ ಧಂದೇದವ್ರು ಬಂದಾರ. ರಿಫಂಡ್ ಅನ್ನೂ ಮಾತು ಬಾಯಾಗ ಬರಬಾರದು."

ಊಟಕ್ಕೆ ಕೂತರೆ ಆ ಧಂದೇದವರ ಹೆಂಡತಿಯೇ ನನ್ನ ಪಕ್ಕ. "ಯಾಕ್ರೀ ಇಷ್ಟು ಸೊರಗಿದೀರಾ?"

"ಒಬ್ಬಟ್ಟು ಮಾಡಿ ಮಾಡಿ ಆಂಟಿ. ಎಲ್ರೂ ನನ್ನ ಹತ್ರಾನೇ ಮಾಡಿಸ್ಕೋತಾರೆ," ಅಂತ ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಅಯ್ಯೋ ಒಳ್ಳೇದೇ ಆಯ್ತು! ಶನಿವಾರ ಜಾರ್ಜ್‌ಟೌನ್‌ನಲ್ಲಿ ಮಗಳ ಮನೆ ಗೃಹಪ್ರವೇಶ. ಐವತ್ತು ಮಾಡಿಕೊಡಿ."

ಅರ್ಜಿಯ ಕೊನೆಯ ವಾರ ನಾನು ಹೂರಣ ರುಬ್ಬಿದೆ. ಡಬ್ಬಿ ಕೊಡಲು ಹೋದಾಗ ಆಂಟಿ ಹೇಳಿದರು: "ನಮ್ಮೆಜಮಾನ್ರೂ ಮಾರ್ಚಲ್ಲಿ ಹೀಗೇ ಒದ್ದಾಡ್ತಿದ್ರು. ಅದ್ಯಾವುದೋ ಸೇಲ್ಸ್ ಟ್ಯಾಕ್ಸ್ ರಿಫಂಡಂತೆ. ಈ ಸಲ ಫೆಬ್ರವರೀಲೇ ಹಾಕಿ ಮುಗಿಸಿಬಿಟ್ರು."

ಕುಂಕುಮ

ಈ ವರ್ಷ ಅರ್ಜಿ ಪರಿಶೀಲಿಸುವ ಅಧಿಕಾರಿ, ಐದು ಮೆಷೀನಿನ ಸೀರಿಯಲ್ ನಂಬರ್ ಕಾಣುವ ಫೋಟೋ ಬೇಕು ಅಂದರು. ಮೆಷೀನ್ ರೂಮಿಗೆ ಹೋಗಿ ನೋಡುತ್ತೇನೆ, ನಂಬರ್ ಎಲ್ಲಿದೆ? ಆಯುಧಪೂಜೆಯಲ್ಲಿ ಯಜಮಾನರ ಅವ್ವ ಒಂದೊಂದು ಸ್ಟಿಕ್ಕರಿನ ಮೇಲೂ ಗಟ್ಟಿಯಾಗಿ ಅರಿಶಿನ ಕುಂಕುಮ ಬಳಿದಿದ್ದರು. ಒದ್ದೆ ಬಟ್ಟೆ ತಗೊಂಡೆ. ಹಿಂದೆಯೇ ಅವ್ವ.

"ಹಬ್ಬಕ್ಕ ಹಚ್ಚಿದ್ದು ಯಾರರ ಒರಸ್ತಾರೇನವಾ?"

"ಅವ್ವಾ, ರಿಫಂಡ್ ಬರಲ್ಲ."

"ಹೋಗ್ಲಿ ಬಿಡು!"

ನನಗೆ ಅಳುವೇ ಬಂತು. ರಿಫಂಡ್ ಹೋದರೆ ನನ್ನ ಅಸಿಸ್ಟೆಂಟೂ ಹೋದ ಹಾಗೆ. ಕೊನೆಗೆ ಯಜಮಾನರ ಫೋನಿನಲ್ಲಿ ಅವತ್ತು ಹೂವಷ್ಟೇ ಏರಿಸಿ, ಕುಂಕುಮ ಇಡುವ ಮೊದಲು ತೆಗೆದ ಫೋಟೋ ಸಿಕ್ಕಿತು. ನಂಬರ್ ಎಲ್ಲ ಸ್ಪಷ್ಟ. ಬದುಕಿದೆಯಾ ಬಡಜೀವವೇ ಅಂತ ಕಳಿಸಿದೆ.

ಮೂರು ದಿನಕ್ಕೆ ಅಧಿಕಾರಿಯ ಫೋನು. "ನಂಬರ್ ಸರಿಯಿದೆ. ಆದರೆ ಅರ್ಜಿಯಲ್ಲಿ ಐದು ಮೆಷೀನು, ಫೋಟೋದಲ್ಲಿ ಆರು. ನಡುವೆ ಎಲ್ಲಕ್ಕಿಂತ ದೊಡ್ಡ ಹಾರ ಹಾಕಿರುವುದು ಯಾವ ಸೇವೆ ಕೊಡುತ್ತದೆ?"

ಅದು ಅವ್ವನ ದೋಸೆ ಹಿಟ್ಟು ರುಬ್ಬುವ ಗ್ರೈಂಡರು. ಪೂಜೆಗೆ ಅಂತ ಮನೆಯಿಂದ ತಂದಿಟ್ಟಿದ್ದರು. ಯಜಮಾನರು ತಲೆ ಮೇಲೆ ಕೈಹೊತ್ತು ಕೂತರು. ಅವ್ವ ಮಾತ್ರ ಜಗ್ಗಲಿಲ್ಲ: "ನೆಟ್ ಹ್ವಾದ್ರ ಮಂದಿ ಒಂದಿನ ತಡ್ಕೋತಾರ. ದ್ವಾಸಿ ಇಲ್ಲಂದ್ರ ಆಫೀಸಿಗೆ ನನ್ನ ಮಗಾನ ಬರಂಗಿಲ್ಲ, ಹಂಗಂತ ಹೇಳವಾ."

ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿ ಬಿದ್ದು ಬಿದ್ದು ನಕ್ಕರು. ರಿಫಂಡೂ ಬಂತು, ಪಾಲು ತೆಳ್ಳಗೇ ಇತ್ತು ಅನ್ನಿ.

ಸೋಮವಾರ ಯಜಮಾನರು ಪೇಡೆ ಹಿಡಿದು ಬಂದರು. "ಮಾತು ಅಂದ್ರ ಮಾತ್ರಿ. ನಿಮಗ ಅಸಿಸ್ಟೆಂಟ್ ಬಂದಾರ. ಪಗಾರ ಸೈತ ಬ್ಯಾಡಂತ."

ಏಳು ವರ್ಷದ ಆಯಾಸ ಒಂದೇ ಸಲ ಇಳಿದ ಹಾಗಾಯಿತು. ಓಡಿ ಹೋಗಿ ನೋಡಿದೆ. ನನ್ನ ಮೇಜಿನ ಮುಂದೆ ಅವ್ವ ಕೂತಿದ್ದರು.

"ಬಾರವಾ. ಹೊಸಾ ಕೆಲ್ಸ, ಛಲೋ ಆಗ್ಲಿ ಅಂತ ಸುರು ಮಾಡೇಬಿಟ್ಟೇನಿ," ಅಂದರು.

ಈ ವರ್ಷದ ಬಿಲ್ಲುಗಳೆಲ್ಲ ಸಾಲಾಗಿ ಹರಡಿದ್ದವು. ಒಂದೊಂದರ ಮೇಲೂ ಅರಿಶಿನ, ಕುಂಕುಮ, ಸರಿಯಾಗಿ ಟ್ಯಾಕ್ಸ್ ಎಷ್ಟು ಅಂತ ಬರೆದಿರುವ ಜಾಗದಲ್ಲಿ.