ರೊಟ್ಟಿಯ ಸದ್ದಿಗೆ ಓಣಿಯ ಸಾಕ್ಷಿ

ಮಾತು ಸಾಕು ಎಂದು ಗಂಟೆ ಬಾರಿಸುವವರು ಇಲ್ಲದ ಊರಿನಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಾನು ಓದಿದ ಕಾನ್ವೆಂಟಿನಲ್ಲಿ ಗಂಟೆಯಾದ ಮೇಲೆ ತುಟಿ ಅಲುಗಿದರೆ ಮಂಡಿಯೂರಬೇಕಾಗಿತ್ತು. ಆಂಧ್ರದ ಗಡಿಯೊಳಗಿನ ಆದವಾನಿಯ ನಮ್ಮ ಓಣಿಗೆ ಅಂಥ ಗಂಟೆ ಎಂದೂ ಇರಲಿಲ್ಲ. ಈಗಂತೂ ಎಲ್ಲರ ಕೈಯಲ್ಲೂ ಫೋನಿದೆ.

ನಗುವ ಮೊದಲು ನಡೆದದ್ದನ್ನು ಹೇಳಬೇಕು. ನಮ್ಮ ಎದುರು ಮನೆಯಲ್ಲಿ ಹೊಳಗುಂದದ ಕಡೆಯ ವಿಧವೆಯೊಬ್ಬಳು ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಓಣಿಗೆಲ್ಲ ಅವಳು ರೊಟ್ಟಿ ಅಕ್ಕ. ಹರಿವಾಣದಂಥ ಅಗಲವಾದ ಮರದ ಕೊಣಮಿಗೆಯಲ್ಲಿ ಹಿಟ್ಟಿಟ್ಟು ಅಂಗೈಯಿಂದ ಬಡಿಯುತ್ತಾಳೆ. ಹತ್ತಿಯ ಕಾಲದಲ್ಲಿ ಗಾಳಿಯಲ್ಲಿ ಬಿಳಿಯ ಎಳೆಗಳು ತೇಲುತ್ತಿರುವಾಗ, ನಾನು ಜಗಲಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿರುವಾಗ, ಆ ಸದ್ದು ದೂರದ ಯಾವುದೋ ನದಿಯನ್ನು ದಾಟುವ ರೈಲಿನಂತೆ ಬಂದು ನನ್ನನ್ನು ಕರೆದೊಯ್ಯುತ್ತಿತ್ತು. ಎಲ್ಲಿಗೆ ಎಂದು ನಾನು ಎಂದೂ ಕೇಳಲಿಲ್ಲ.

ಒಂದು ಮುಂಜಾನೆ ಅವಳ ಮೈದುನ ಮನೆ ತನ್ನದೆಂದು ಮಚ್ಚು ಹಿಡಿದು ಒಳಗೆ ನುಗ್ಗಿದ. ಅವಳು ಕೈಯಲ್ಲಿದ್ದ ಕೊಣಮಿಗೆಯಿಂದ ಹೊಡೆದಳು. ಅವನು ಕಲ್ಲಿನ ಹೊಸ್ತಿಲ ಮೇಲೆ ಬಿದ್ದ, ಮತ್ತೆ ಏಳಲಿಲ್ಲ. ಅವಳನ್ನು ಜೈಲಿಗೆ ಒಯ್ದರು. ಅದು ಆತ್ಮರಕ್ಷಣೆಯೋ ಕೊಲೆಯೋ ಎಂಬುದು ನ್ಯಾಯಾಲಯ ಹೇಳಬೇಕಾದ ಮಾತು. ಸತ್ತವನ ಬಗ್ಗೆ ನಾನು ನಗುವುದಿಲ್ಲ. ನಗು ಬರುವುದು ಬದುಕಿರುವವರ ಬಗ್ಗೆ.

೧. ಎರಡು ಗುಂಪು, ಒಬ್ಬ ಯಜಮಾನ

ರೊಟ್ಟಿ ಅಕ್ಕನ ಪಕ್ಕದ ಮನೆಗೆ ಆಂಧ್ರದ ಕರಾವಳಿಯ ಜಿಲ್ಲೆಯಿಂದ ಹಿಂದಿನ ಸಂಜೆಯಷ್ಟೇ ಒಬ್ಬ ಬ್ಯಾಂಕಿನ ನೌಕರ ಬಾಡಿಗೆಗೆ ಬಂದಿದ್ದ. ಅನ್ನ ಉಣ್ಣುವವನು, ಸಭ್ಯ. ಅವನು ಪೊಲೀಸರಿಗೆ ತೆಲುಗಿನಲ್ಲಿ ಹೇಳಿದ: “ಗೋಡೆಯ ಆಚೆಯಿಂದ ಚಾಲಾ ದೆಬ್ಬಲು ಕೇಳಿಸಿದವು ಸಾರ್. ದಬದಬ, ದಬದಬ. ಆಮೇಲೆ ಕೂಗು.” ಚಾಲಾ ದೆಬ್ಬಲು ಎಂದರೆ ಬಹಳ ಏಟುಗಳು. ಒಂದೇ ಏಟಾದರೆ ಆತ್ಮರಕ್ಷಣೆ. ಅಷ್ಟೊಂದು ಏಟಾದರೆ ಕೊಲೆ. ಅವಳ ಬದುಕೆಲ್ಲ ಆ ಸದ್ದಿನ ಮೇಲೆ ನಿಂತಿತು.

ಈ ಮಾತು ಫೋನಿಗೆ ಏರಿತು. ನೋಡದ ಊರುಗಳಿಂದ ಕಾಣದ ಜನರು ಅವಳನ್ನು ದೇವಿ ಎಂದರು, ರಾಕ್ಷಸಿ ಎಂದರು. ಆಶ್ಚರ್ಯವೆಂದರೆ, ವರ್ಷಾನುಗಟ್ಟಲೆ ಆ ರೊಟ್ಟಿಯ ಸದ್ದು ಕೇಳಿಕೊಂಡೇ ಹಲ್ಲುಜ್ಜಿದ ನಮ್ಮ ಓಣಿಯವರೂ ಫೋನಿನಲ್ಲಿ ಓದಿದ ಮೇಲೆ, “ಹೌದ್ರಿ, ನಮಗೂ ಏಟಿನ ಸಪ್ಪಳ ಕೇಳಿಸಿತ್ತು” ಎನ್ನತೊಡಗಿದರು.

ಓಣಿಯ ಹತ್ತಿ ವ್ಯಾಪಾರಿ ಫೋನಿನಲ್ಲಿ ನಡೆಸುತ್ತಿದ್ದ ಶುಭೋದಯದ ಗುಂಪು ಒಡೆದು ಎರಡಾಯಿತು. ಒಂದು ‘ಅಕ್ಕನಿಗೆ ನ್ಯಾಯ’. ಇನ್ನೊಂದು ‘ಮೈದುನನಿಗೆ ನ್ಯಾಯ’. ಎರಡಕ್ಕೂ ಅವನೇ ಯಜಮಾನ.

“ನೀವು ಯಾವ ಕಡೆ?” ಎಂದು ಕೇಳಿದೆ.

“ನಾ ಯಾಪಾರಸ್ಥ ಅದೀನ್ರಿ ಟೀಚರಮ್ಮ. ಪ್ಯಾಟಿ ಧಾರಣಿ ತಿಳೀಲಾರ್ದ ಒಂದ್ ಕಡಿ ಹೆಂಗ ಹಿಡೀಲಿ?”

ಒಂದು ಮುಂಜಾನೆ ನಿದ್ದೆಗಣ್ಣಿನಲ್ಲಿ ‘ಆಕಿ ಬಿಡುಗಡೆ ಆಗ್ಲಿ’ ಎಂದು ಬರೆದು ತಪ್ಪು ಗುಂಪಿಗೆ ಕಳಿಸಿದ. ಸಂಜೆಯೊಳಗೆ ಆ ಗುಂಪು ಅದರ ಯಜಮಾನನನ್ನೇ ಹೊರಗೆ ಹಾಕಿತ್ತು. ಹಾಕಿದವನು ಅವನೇ. ಎಲ್ಲರೂ ಒತ್ತಾಯ ಮಾಡಿದರಂತೆ.

೨. ಪ್ರಯೋಗ

ತಾಲೂಕು ಕಚೇರಿಯಿಂದ ನಿವೃತ್ತರಾದ ಗುಮಾಸ್ತರೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ಕೊಣಮಿಗೆಯ ಒಂದೇ ಏಟಿಗೆ ಗಂಡಸು ಬೀಳುತ್ತಾನೆಯೇ ಎಂಬ ಚರ್ಚೆ ಎರಡೂ ಗುಂಪುಗಳಲ್ಲಿ ವಾರವಿಡೀ ನಡೆದಾಗ, ಅವರು ಪ್ರಯೋಗದಿಂದಲೇ ತೀರ್ಮಾನಿಸಲು ಹೊರಟರು. ತಲೆಗೆ ದಿಂಬು ಇಟ್ಟು ಟವೆಲಿನಿಂದ ಬಿಗಿದರು. ಮಚ್ಚಿನ ಬದಲಿಗೆ ಸೌಟು ಹಿಡಿದರು. ಹೆಂಡತಿಯ ಕೈಗೆ ಮನೆಯ ಕೊಣಮಿಗೆ ಕೊಟ್ಟರು. ವ್ಯಾಪಾರಿ ಫೋನಿನಲ್ಲಿ ಚಿತ್ರ ಹಿಡಿಯಲು ನಿಂತ.

“ಮೆಲ್ಲಕ ಹೊಡಿ. ಇದು ಬರೇ ಪರೀಕ್ಷಾ” ಎಂದರು ಗುಮಾಸ್ತರು, ಸೌಟು ಎತ್ತಿ ಮುನ್ನುಗ್ಗುತ್ತ.

ಆಕೆ ಹೊಡೆದರು. ಗುಮಾಸ್ತರು ಕುಳಿತೇಬಿಟ್ಟರು. ನೆಲದಿಂದಲೇ ಸಂತೋಷವಾಗಿ, “ನೋಡ್ರಿ, ನೋಡ್ರಿ, ಒಂದ ಸಾಕಾತು” ಎಂದು ಫೋನಿನ ಕಡೆ ತಿರುಗುವಷ್ಟರಲ್ಲಿ ಎರಡನೆಯದು ಬಿತ್ತು.

“ಇದ್ಯಾಕ?” ಎಂದರು ಗುಮಾಸ್ತರು.

“ಮೊದಲಿಂದು ಆಕಿ ಕೇಸಿಂದು,” ಎಂದು ಹೆಂಡತಿ ಕೊಣಮಿಗೆಯನ್ನು ಸೆರಗಿನಿಂದ ಒರೆಸಿದರು. “ಇದು ನನ್ನ ಕೇಸಿಂದು.”

೩. ಲಟ್ಟಣಿಗೆ

ಯಂತ್ರವೇ ಬರೆದ ಚಿತ್ರವೊಂದು ಒಂದು ದಿನ ಎಲ್ಲ ಫೋನುಗಳಿಗೂ ಬಂತು. ರೊಟ್ಟಿ ಅಕ್ಕನಿಗೆ ಎಂಟು ಕೈಗಳು, ತಲೆಯ ಹಿಂದೆ ಬೆಳಕಿನ ಚಕ್ರ, ಕಾಲಡಿಯಲ್ಲಿ ಮೋಡ. ಪ್ರತಿ ಕೈಯಲ್ಲೂ ಒಂದೊಂದು ಲಟ್ಟಣಿಗೆ.

ಅಂದು ನಮ್ಮ ಓಣಿಯಲ್ಲಿ ಅಪರೂಪದ ಏಕತೆ ಮೂಡಿತು. ಅವಳಿಗೆ ಗಲ್ಲಾಗಬೇಕು ಎಂದವರೂ ಬಿಡುಗಡೆಯಾಗಬೇಕು ಎಂದವರೂ ನನ್ನ ಜಗಲಿಯ ಮುಂದೆ ಒಟ್ಟಿಗೆ ನಿಂತು ಕೆಂಡವಾದರು.

“ಜ್ವಾಳದ ರೊಟ್ಟಿಗೆ ಲಟ್ಟಣಿಗಿ?” ಎಂದರು ಗುಮಾಸ್ತರ ಹೆಂಡತಿ. “ಆಕಿ ಕೊಲೆ ಮಾಡಿರಬೌದು. ಲಟ್ಸೋ ಅಂಥಾಕಿ ಅಲ್ಲ.”

೪. ವಿಶೇಷ ವರದಿ

ಮೊಕದ್ದಮೆ ಶುರುವಾಗುವ ಮುನ್ನ, ಕರ್ನೂಲಿನಿಂದ ಯಾವುದೋ ಯೂಟ್ಯೂಬ್ ಚಾನೆಲಿನ ವರದಿಗಾರ ಮೈಕು ಹಿಡಿದು ಬಂದ. ಜಗಲಿಯಲ್ಲಿ ಸಿಕ್ಕವರು ಹತ್ತಿ ವ್ಯಾಪಾರಿಯ ತಾಯಿ. ತೆಲುಗಿನಲ್ಲಿ ಕೇಳಿದ: “ಅವ್ವಾ, ಆಮೆ ಮಂಚಿದಾ, ಚೆಡ್ಡದಾ?” ಒಳ್ಳೆಯವಳೋ ಕೆಟ್ಟವಳೋ?

“ನೀ ಯಾರ ಮಗ?” ಎಂದರು ಮುದುಕಿ.

“ಅದು ಬೇಡ ಅವ್ವಾ. ಆಮೆ ಗುರಿಂಚಿ ಚೆಪ್ಪು.” ಅವಳ ಬಗ್ಗೆ ಹೇಳು ಎಂದ.

“ಹೇಳ್ತೀನಿ. ಮೊದ್ಲು ನೀ ಯಾರ ಮಗ? ಯಾವೂರು?”

ಅವನ ಅಜ್ಜಿಯ ತವರು ದೇವನಕೊಂಡವೆಂದು ಹೊರಬಿತ್ತು. ಆ ಮನೆಯ ಮುಂದೆ ಬೇವಿನ ಮರವಿತ್ತೇ ಎಂದು ಮುದುಕಿ ಕೇಳಿದರು. ಇತ್ತು. ಅಲ್ಲಿಂದ ಮುಂದೆ ವರದಿಗಾರನೇ ಉತ್ತರ ಹೇಳುತ್ತ ಹೋದ. ಯಾರು ತೀರಿಕೊಂಡರು, ಯಾರ ಮದುವೆಯಾಯಿತು, ಅವನಿಗೇಕೆ ಇನ್ನೂ ಆಗಿಲ್ಲ. ಮೈಕು ಮುದುಕಿಯ ಕೈಗೆ ಯಾವಾಗ ಹೋಯಿತೋ ನಾನು ಗಮನಿಸಲಿಲ್ಲ.

“ಹಂಗಾದ್ರ ನೀ ನನಗ ಮೊಮ್ಮಗ ಆಗ್ತಿ. ಮಂದಿ ಮನಿ ಹೆಣ್ಮಗಳ ಸುದ್ದಿ ನಿನಗ್ಯಾಕ? ಕೂಡು, ಉಗ್ಗಾಣಿ ಬಿಸಿ ಐತಿ.”

ಆ ಸಂಜೆಯ ವಿಶೇಷ ವರದಿಯಲ್ಲಿ ಮೊಕದ್ದಮೆಯ ಸುದ್ದಿ ಇರಲಿಲ್ಲ. ನೆನೆಸಿದ ಮಂಡಕ್ಕಿಯಿಂದ ಆದವಾನಿಯ ಅಜ್ಜಿ ಮಾಡುವ ಉಗ್ಗಾಣಿಯ ಗುಟ್ಟು ಇತ್ತು. ಅದರ ಕೆಳಗೂ ಜನರು ಎರಡು ಪಕ್ಷವಾಗಿ ಕಾದಾಡುತ್ತಿದ್ದರು. ಉಗ್ಗಾಣಿಗೆ ಪುಟಾಣಿ ಪುಡಿ ಬೇಕು ಎಂದಿತು ಒಂದು ಪಕ್ಷ. ಇನ್ನೊಂದರ ಪ್ರಕಾರ ಅದೂ ಕೊಲೆಯೇ.

೫. ಕಿವಿಗೆ ರೆಪ್ಪೆಯಿಲ್ಲ

ಅವಳಿಲ್ಲದ ತಿಂಗಳುಗಳಲ್ಲಿ ಓಣಿ ತಡವಾಗಿ ಏಳತೊಡಗಿತು. ಎದುರಿನ ಬೀಗದ ಮೇಲೆ ಹತ್ತಿಯ ಎಳೆಗಳು ಬಂದು ಕುಳಿತು ಗೂಡು ಕಟ್ಟಿದಂತೆ ಕಾಣುತ್ತಿತ್ತು. ನನಗೆ ಮಾತ್ರ ಮುಂಜಾನೆಯ ಜೊಂಪಿನಲ್ಲಿ ಆ ಸದ್ದು ಕೇಳಿಸುತ್ತಲೇ ಇತ್ತು. ಕಣ್ಣು ತೆರೆದರೆ ನಿಲ್ಲುತ್ತಿತ್ತು. ಮುಚ್ಚಿದರೆ ಮತ್ತೆ ಅದೇ ರೈಲು, ಅದೇ ನದಿ. ಘಟನೆಯ ದಿನ ಕೇಳಿದ್ದು ಯಾವುದು, ಕನಸಿನಲ್ಲಿ ಕೇಳಿದ್ದು ಯಾವುದು ಎಂದು ನನ್ನನ್ನು ನಾನೇ ಕೇಳಿಕೊಳ್ಳಬೇಕಾಯಿತು. ಏಕೆಂದರೆ ಅವಳ ಪರವಾಗಿ ಸಾಕ್ಷಿ ಹೇಳಲು ಒಪ್ಪಿದವಳು ನಾನೊಬ್ಬಳೇ.

ವಿಚಾರಣೆ ತೆಲುಗಿನಲ್ಲಿ ನಡೆಯಿತು. ನಾನು ಬೆನ್ನು ನೆಟ್ಟಗೆ ಮಾಡಿ ನಿಂತು, ಕೇಳಿದ್ದಕ್ಕಷ್ಟೇ ಉತ್ತರಿಸಿದೆ. ರೊಟ್ಟಿ ಬಡಿಯುವ ಸದ್ದು ಬಹಳ ಹೊತ್ತು ಇತ್ತು. ಅದು ನಿಂತಿತು. ಗಂಡಸಿನ ಬೈಗುಳ ಕೇಳಿಸಿತು. “ಬ್ಯಾಡ, ಬ್ಯಾಡ” ಎಂದು ಅವಳು ಅಂದಳು. ಆಮೇಲೆ ಒಂದೇ ಒಂದು ಸದ್ದು.

“ಆಗ ನಿಮ್ಮ ಕಣ್ಣು ಮುಚ್ಚಿತ್ತಲ್ಲವೇ?” ಎಂದರು ಸರ್ಕಾರಿ ವಕೀಲರು.

“ಮುಚ್ಚಿತ್ತು. ಕಿವಿಗೆ ರೆಪ್ಪೆಯಿಲ್ಲ.”

“ವಯಸ್ಸಾಗಿದೆ. ಕನಸು ಕಂಡಿರಬಹುದು.”

“ನನ್ನ ಕನಸಿನಲ್ಲಿ ರೊಟ್ಟಿ ಸೀಯುವುದಿಲ್ಲ. ಅಂದು ನಾನು ಓಡಿಹೋಗಿ ಮೊದಲು ಮಾಡಿದ ಕೆಲಸವೆಂದರೆ ಹಂಚಿನ ಮೇಲೆ ಕರಿದಾಗುತ್ತಿದ್ದ ರೊಟ್ಟಿಯನ್ನು ತೆಗೆದದ್ದು.”

ಕಟಕಟೆಯಲ್ಲಿದ್ದ ರೊಟ್ಟಿ ಅಕ್ಕ ಅಂದು ಮೊದಲ ಬಾರಿಗೆ ತಲೆ ಎತ್ತಿದಳು. ಬಿಡುಗಡೆಯ ಆಸೆಯಿಂದ ಎಂದು ನಾನು ತಿಳಿದೆ. ಆಮೇಲೆ ಅವಳ ವಕೀಲರು ಹೇಳಿದರು: “ಆಕಿ ನಿಮ್ಮ ಮ್ಯಾಲೆ ಸಿಟ್ಟಾಗ್ಯಾಳ್ರಿ. ನನ್ನ ರೊಟ್ಟಿ ಸೀದಿತ್ತು ಅಂತ ದೊಡ್ಡ ಸಾಹೇಬ್ರ ಮುಂದ ಯಾಕ ಹೇಳ್ಬೇಕಿತ್ತು ಅಂತಾಳ.”

೬. ಗೋಡೆಯ ಆಚೆ

ನ್ಯಾಯಾಧೀಶರೂ ಕರಾವಳಿಯವರೇ. ರೊಟ್ಟಿಯನ್ನು ಬಡಿದು ಮಾಡುತ್ತಾರೆಂಬುದು ಅವರಿಗೆ ಹೊಸ ವಿಷಯ. ಕೇಳದ ಸದ್ದಿನ ಬಗ್ಗೆ ತೀರ್ಪು ಬರೆಯುವುದು ಹೇಗೆ ಎಂದು ಅವರು ಕೇಳಿದರು. ಅವಳ ವಕೀಲರು ಕೂಡಲೇ ಪ್ರಾತ್ಯಕ್ಷಿಕೆಗೆ ಅನುಮತಿ ಬೇಡಿದರು. ಹೊಡೆದ ಕೊಣಮಿಗೆ ಅರಗಿನ ಮುದ್ರೆಯಲ್ಲಿತ್ತು. ಹಾಗಾಗಿ ಗುಮಾಸ್ತರ ಹೆಂಡತಿಯದನ್ನು ತರಿಸಿದರು. ಕೊಡುವಾಗ ಆಕೆ ಗಂಡನಿಗೆ, “ಲಗೂನ ತರ್ರಿ, ಮನ್ಯಾಗ ಕೆಲಸ ಐತಿ ಅದಕ್ಕ” ಎಂದರಂತೆ. ಗುಮಾಸ್ತರು ಅಂದು ನ್ಯಾಯಾಲಯದಿಂದ ಬೇಗ ಹೊರಡಲಿಲ್ಲ.

ನ್ಯಾಯಾಲಯದ ಅಂಗಳದಲ್ಲೇ ಒಲೆ ಹಚ್ಚಿದರು. ಬ್ಯಾಂಕಿನ ನೌಕರನನ್ನು ಗೋಡೆಯ ಆಚೆ ನಿಲ್ಲಿಸಿದರು. ಕೇಳಿಸಿದ್ದನ್ನು ಹೇಳಬೇಕು ಎಂದಷ್ಟೇ ಅವನಿಗೆ ಗೊತ್ತು. ಇತ್ತ ಬೇವಿನ ನೆರಳಿನಲ್ಲಿ ನ್ಯಾಯಾಧೀಶರು, ವಕೀಲರು, ಪೊಲೀಸರು. ನಡುವೆ ರೊಟ್ಟಿ ಅಕ್ಕ.

ಮೊದಮೊದಲು ಸದ್ದು ಕುಂಟಿತು. ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ಎಲ್ಲಿಂದಲೋ ಆ ರೈಲು ಬಂತು. ಬೇವಿನ ಎಲೆಗಳು ನಿಧಾನವಾಗಿ ಉದುರುತ್ತಿದ್ದವು. ಪೊಲೀಸನೊಬ್ಬ ನಿಂತಲ್ಲೇ ತೂಕಡಿಸಿದ. ನ್ಯಾಯಾಧೀಶರ ಬೆರಳುಗಳು ಕುರ್ಚಿಯ ತೋಳಿನ ಮೇಲೆ ತಾಳ ಹಿಡಿದಿದ್ದವು. ಎಷ್ಟು ಹೊತ್ತಾಯಿತೋ ತಿಳಿಯದು. ಯಾರೂ ಸಾಕು ಎನ್ನಲಿಲ್ಲ.

ಗೋಡೆಯ ಆಚೆಯಿಂದ ಮೆಲ್ಲನೆಯ, ಕರುಣೆ ತುಂಬಿದ ಧ್ವನಿ ಬಂತು: “ಇವೇ ಸಾರ್. ಇವೇ ಆ ದೆಬ್ಬಲು. ಪಾಪಂ, ಆ ಮನುಷ್ಯ.”

ಅವನನ್ನು ಈಚೆ ಕರೆದರು. ರೊಟ್ಟಿ ಆಗ ತಾನೆ ಹಂಚಿನ ಮೇಲೆ ಉಬ್ಬುತ್ತಿತ್ತು. ಅವನು ಅದನ್ನು ನೋಡಿದ, ಅವಳ ಕೈಯನ್ನು ನೋಡಿದ, ಮತ್ತೆ ರೊಟ್ಟಿಯನ್ನು ನೋಡಿದ. ಅವಳ ವಕೀಲರು ತಮ್ಮ ಪ್ರಶ್ನೆಗಳು ಮುಗಿದವೆಂದರು.

ಮಾಡಿದ ರೊಟ್ಟಿಗಳನ್ನು ದಾಖಲೆಗೆ ಸೇರಿಸಬೇಕೆಂದು ನ್ಯಾಯಾಧೀಶರು ಆಜ್ಞೆ ಮಾಡುವ ವೇಳೆಗೆ ಬುಟ್ಟಿ ಖಾಲಿಯಾಗಿತ್ತು. ಯಾರ ಮೇಲೂ ಆರೋಪ ಹೊರಿಸಲಾಗಲಿಲ್ಲ. ಸರ್ಕಾರಿ ವಕೀಲರ ಬಿಳಿಯ ಕೊರಳಪಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಇದ್ದುದನ್ನು ನಾನು ನೋಡಿದೆ. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ತೀರ್ಪು ಬಂತು. ಒಂದೇ ಏಟು, ಆತ್ಮರಕ್ಷಣೆ, ಬಿಡುಗಡೆ. ಫೋನಿನಲ್ಲಿ ಕಾಣದ ಜನರು ಇನ್ನೂ ಕೆಲವು ದಿನ ಜಗಳವಾಡಿದರು. ವ್ಯಾಪಾರಿ ಎರಡೂ ಗುಂಪುಗಳನ್ನು ಕೂಡಿಸಿ ಮತ್ತೆ ಶುಭೋದಯ ಎಂದು ಹೆಸರಿಟ್ಟ. “ಮೊದ್ಲಿಂದನೂ ನಾ ಆಕಿ ಕಡೀನ ಇದ್ದೆನ್ರಿ” ಎಂದು ನನಗೆ ಹೇಳಿದ. ಧಾರಣೆ ತಿಳಿದಿತ್ತು.

ಮರುವಾರ ಒಂದು ಮುಂಜಾನೆ ಆ ಸದ್ದು ಬಂತು. ಅಭ್ಯಾಸದಂತೆ ಕಣ್ಣು ತೆರೆದೆ, ನಿಲ್ಲಲಿ ಎಂದು. ನಿಲ್ಲಲಿಲ್ಲ. ಎದುರಿನ ಬೀಗ ಇರಲಿಲ್ಲ. ಓಣಿಯೆಲ್ಲ ಡಬ್ಬಿ ಹಿಡಿದು ಅವಳ ಬಾಗಿಲಿನಲ್ಲಿ ನಿಂತಿತ್ತು. ದೇವಿ ಎಂದವರು, ರಾಕ್ಷಸಿ ಎಂದವರು, ಎಲ್ಲರೂ. ಎಲ್ಲರ ಹಿಂದೆ ತಲೆ ತಗ್ಗಿಸಿ ಬ್ಯಾಂಕಿನ ನೌಕರ.

“ಅಕ್ಕಾ,” ಎಂದ ಅವನು, ತಾನು ಕಲಿತಿದ್ದ ಅಷ್ಟಿಷ್ಟು ಕನ್ನಡದಲ್ಲಿ. “ಆ ದೆಬ್ಬಲು ನನಗೂ ನಾಲ್ಕು ಕೊಡ್ರಿ.”

ಅವಳು ಬಡಿಯುವುದನ್ನು ನಿಲ್ಲಿಸದೆ, ತಲೆ ಎತ್ತದೆ ಹೇಳಿದಳು: “ಸಾಕ್ಷಿ ಹೇಳಿದವ್ರಿಗೆಲ್ಲಾ ಕಡೀಕ.”

ನಾನೂ ಸಾಕ್ಷಿ ಹೇಳಿದವಳೇ. ಡಬ್ಬಿ ತೆಗೆದುಕೊಂಡು ಹೋಗಿ ಅವನ ಹಿಂದೆ ನಿಂತೆ.